ಕಾರ್ಡ್ ಹಿಡಿಯುವ ಫೋನೇ ಬೇಕು

ಸಂಜೆ ಆರು ಗಂಟೆ. ಗಂಗಾವತಿಯ ಮೊಬೈಲ್ ಅಂಗಡಿಯಿಂದ ಈಗಷ್ಟೇ ಬಂದೆ ಗೆಳೆಯರೇ!

ಹೋದ ವರ್ಷ ತೀರಿಕೊಂಡ ನಮ್ಮ ಮನೆಯವರ ಫೋನು ಮೊನ್ನೆ ಪೂರ್ತಿ ಕೆಟ್ಟಿತು. ಅವರು ಮಾತಾಡಿದ ಕರೆಗಳೆಲ್ಲ ರೆಕಾರ್ಡ್ ಆಗಿದ್ದ ಮೆಮೊರಿ ಕಾರ್ಡ್ ಮಾತ್ರ ಉಳಿದಿತ್ತು. ಅಂಗಡಿಯಲ್ಲಿ ನನ್ನ ತಮ್ಮ ಐಫೋನೇ ಕೊಡಿಸುತ್ತೇನೆಂದು ಹಟ ಹಿಡಿದ.

"ಕಾರ್ಡ್ ಎಲ್ಲಿ ಹಾಕೂದೋ?"

"ಇದಕ್ಕ ಕಾರ್ಡ್ ಹಾಕಾಕ ಬರಂಗಿಲ್ಲಕ್ಕಾ. ಕ್ಯಾಮೆರಾ ನೋಡು, ಭಾಳ ಛಲೋ ಐತಿ!"

"ಯಾರ ಫೋಟೊ ತೆಗೀಲೋ ನಾನು?"

ಅಂಗಡಿಯ ರಫೀಕಣ್ಣ "ತಡೀರಿ ಅಕ್ಕಾರ" ಎಂದು ಕಾರ್ಡನ್ನು ಒಂದು ಆಂಡ್ರಾಯ್ಡ್ ಫೋನಿಗೆ ಹಾಕಿದರು. ಅಂಗಡಿ ತುಂಬ ನಮ್ಮವರ ದನಿ: "ಡಬ್ಬಿಗೆ ಮತ್ತ ಬದನಿಕಾಯಿನ ಹಾಕಿಯಲ್ಲ, ಬ್ಯಾರೆ ಕಾಯಿಪಲ್ಲೆ ಸಿಗಲಿಲ್ಲೇನ ನಿನಗ?"

ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕೆ. ಬೈಸಿಕೊಂಡ ಖುಷಿಗೆ ಆ ಫೋನನ್ನೇ ಕೊಂಡೆ.

ಮಗನ ದನಿ ಕೇಳಲು ನಾಳೆ ಬೆಳಗಿನ ಬಸ್ಸಿಗೆ ಹುಲಿಗಿಯಿಂದ ಅತ್ತೆ ಬರುತ್ತಾರೆ.