ಕಡಬದಲ್ಲಿ ನನ್ನ ಮೊದಲ ಕೇಸು

ಎಂ.ಎಸ್.ಡಬ್ಲ್ಯೂ. ಮಾಡುತ್ತೇನೆ ಎಂದಾಗ ಕೆದಂಬಾಡಿಯ ನಮ್ಮ ಮನೆಯಲ್ಲಿ ಅದು ಯಾವ ಓದು ಎಂದು ಯಾರಿಗೂ ತಿಳಿಯಲಿಲ್ಲ. ಬಿ.ಎಡ್. ಮಾಡಿದರೆ ಟೀಚರ್ ಆಗಬಹುದು, ಇದನ್ನು ಮಾಡಿದರೆ ಏನಾಗುವುದು ಎಂದು ಅಪ್ಪ ಕೇಳಿದರು. ಸಮಾಜ ಕಾರ್ಯ ಎಂದೆ. ಅದಕ್ಕೆ ಎರಡು ವರ್ಷ ಕಾಲೇಜಿಗೆ ಹೋಗಬೇಕಾ ಎಂದು ಅಜ್ಜಿ ನಕ್ಕರು. ಆದರೆ ವಾರಕ್ಕೆ ಎರಡು ದಿನ ತರಗತಿ ಬಿಟ್ಟು ಊರೂರು ತಿರುಗಬೇಕು, ಅದನ್ನು ಫೀಲ್ಡ್‌ವರ್ಕ್ ಎನ್ನುತ್ತಾರೆ ಎಂದು ಕೇಳಿದ ದಿನವೇ ನಾನು ಪುತ್ತೂರಿನ ಕಾಲೇಜಿಗೆ ಅರ್ಜಿ ಹಾಕಿಬಿಟ್ಟಿದ್ದೆ.

ನನಗೆ ಸಿಕ್ಕಿದ್ದು ಕಡಬದ ಕಡೆಯ ಒಂದು ಗ್ರಾಮ. ಕಡಬದವರೆಗೆ ಬಸ್ಸು, ಅಲ್ಲಿಂದ ಜೀಪು. ಅಲ್ಲಿನ ಆಶಾ ಕಾರ್ಯಕರ್ತೆ ಮೊದಲ ದಿನವೇ ನನ್ನನ್ನು ಒಂದು ಮನೆಗೆ ಕರೆದೊಯ್ದರು. ಮನೆಯ ಯಜಮಾನ ರಬ್ಬರ್ ಟ್ಯಾಪಿಂಗ್, ಅಂದರೆ ಮರ ಕೆತ್ತಿ ಹಾಲು ಇಳಿಸುವ ಕೆಲಸ ಮಾಡುವವರು. ಅವರ ಹತ್ತೊಂಬತ್ತರ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು. ಶಾಲೆಯ ಮುಖ ಕಂಡವಳಲ್ಲ. ನಾವು ಹೋದಾಗ ಅವಳು ಕೊಟ್ಟಿಗೆಯಲ್ಲಿ ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಮೆಷಿನ್ನಿಗೆ ಕೊಟ್ಟು, ಹಿಡಿ ತಿರುಗಿಸಿ ಶೀಟ್ ಮಾಡುತ್ತಿದ್ದಳು.

ನಾನು ಚೀಲದಿಂದ ಮೂರು ಪುಟದ ಪ್ರಶ್ನಾವಳಿ ತೆಗೆದು ಅವಳ ಎದುರು ಕುಳಿತೆ. ಅವಳಮ್ಮನಿಗೆ ನನ್ನನ್ನು ನೋಡಿ ಪಾಪ ಎನಿಸಿರಬೇಕು.

"ಟೀಚರೇ, ಅವಳತ್ರ ಎಂತ ಕೇಳ್ತೀರಿ? ಅವಳಿಗೆ ಎಂತದೂ ಗೊತ್ತಾಗುದಿಲ್ಲ. ನನ್ನತ್ರ ಕೇಳಿ" ಎಂದರು.

ಅಮ್ಮನನ್ನೇ ಕೇಳಿ ಮೂರೂ ಪುಟ ತುಂಬಿಸಿದೆ. ಹುಡುಗಿ ಹಿಡಿ ನಿಲ್ಲಿಸಿ ನನ್ನ ಪೆನ್ನನ್ನೇ ನೋಡುತ್ತಿದ್ದಳು. ವರದಿಯಲ್ಲಿ "ಸಂವಹನದ ತೊಂದರೆ ಇದೆ" ಎಂದು ಬರೆದು ಕೊಟ್ಟೆ. ನಮ್ಮ ಫೀಲ್ಡ್‌ವರ್ಕ್ ನೋಡಿಕೊಳ್ಳುತ್ತಿದ್ದ ಮೇಡಂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು.

"ತೊಂದರೆ ಯಾರದ್ದು ಮಾರಾಯ್ತಿ? ಅವಳದ್ದಾ, ನಿನ್ನದ್ದಾ?"

ಆ ಮಾತು ಪುತ್ತೂರಿನಿಂದ ಮನೆಯವರೆಗೂ ನನ್ನನ್ನು ಬಿಡಲಿಲ್ಲ.

ಮುಂದಿನ ವಾರ ಪ್ರಶ್ನಾವಳಿಯನ್ನು ಹೊರಗೆ ತೆಗೆಯಲೇ ಇಲ್ಲ. ಕೊಟ್ಟಿಗೆಗೆ ಹೋಗಿ ಮೆಷಿನ್ನಿನ ಹಿಡಿಗೆ ಕೈ ಹಾಕಿದೆ. ನನ್ನ ಶೀಟ್ ಸೊಟ್ಟಗೆ, ಒಂದು ಕಡೆ ದಪ್ಪಗೆ ಬಂತು. ಅವಳು ಅದನ್ನು ಎತ್ತಿ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸನ್ನೆಯಲ್ಲೇ ಮಾತು ಶುರುವಾಯಿತು. ಮೂಗಿನ ಬದಿ ಚಿವುಟಿದರೆ ಮೂಗುತಿಯ ಅಮ್ಮ. ಗಾಳಿಯಲ್ಲಿ ಓರೆಯಾಗಿ ಗೀರಿದರೆ ರಬ್ಬರ್ ಮರ ಕೆತ್ತುವ ಅಪ್ಪ. ಹೆಗಲಿನಿಂದ ಸೊಂಟಕ್ಕೆ ಬೆರಳೆಳೆದರೆ ಚೀಲದವಳು, ಅಂದರೆ ನಾನು. ನನಗೊಂದು ಹೆಸರು ಸಿಕ್ಕಿತ್ತು! ಜೀಪಿನಲ್ಲಿ ಹಿಂದಿರುಗುವಾಗ ಆ ಸನ್ನೆಯನ್ನು ನಾನೇ ಮಾಡಿ ಮಾಡಿ ನೋಡಿಕೊಂಡೆ. ಪಕ್ಕದಲ್ಲಿದ್ದವರು ಮೈ ತುರಿಕೆ ಎಂದುಕೊಂಡಿರಬೇಕು.

ಪುತ್ತೂರಿನಲ್ಲಿ ನನ್ನ ಚೂಡಿದಾರ ಹೊಲಿಯುತ್ತಿದ್ದ ಟೈಲರ್ ಅಕ್ಕನ ನೆನಪಾದದ್ದು ಆಗಲೇ. ಅವರಿಗೂ ಕಿವಿ ಕೇಳದು. ದೂರದೂರಿನ ಕಿವುಡರ ಶಾಲೆಯಲ್ಲಿ ಕಲಿತವರು, ಗಿರಾಕಿಗಳೊಂದಿಗೆ ಚೀಟಿಯಲ್ಲಿ ಬರೆದು ಮಾತಾಡುವವರು. ನನ್ನೊಡನೆ ಬರುತ್ತೀರಾ ಎಂದು ಬರೆದು ಕೊಟ್ಟೆ. ಅವರು ಅದರ ಕೆಳಗೆ, "ಶನಿವಾರ ಮಧ್ಯಾಹ್ನ ಅಂಗಡಿ ಮುಚ್ತೇನೆ" ಎಂದು ಬರೆದರು.

ಶನಿವಾರ ನಾವಿಬ್ಬರೂ ಹೋದಾಗ ಹುಡುಗಿ ಎಲ್ಲ ನೆಂಟರಿಗೆ ಕೊಡುವ ಹಾಗೆ ಬೆಲ್ಲ, ನೀರು ತಂದಳು. ಅವಳಮ್ಮ ಅಕ್ಕನ ಹತ್ತಿರ ಎಲ್ಲಿಯವರು ಎಂದು ವಿಚಾರಿಸಿದರು. ಅಕ್ಕ ತಮ್ಮ ಕಿವಿ ಮುಟ್ಟಿ, ಇಲ್ಲ ಎಂದು ಕೈಯಾಡಿಸಿದರು.

ಹುಡುಗಿ ಅದನ್ನು ನೋಡಿದಳು. ತಟ್ಟೆಯನ್ನು ಕೆಳಗಿಟ್ಟು, ಮೆಲ್ಲಗೆ ಬಂದು ಅಕ್ಕನ ಕಿವಿ ಮುಟ್ಟಿದಳು. ಆಮೇಲೆ ತನ್ನ ಕಿವಿ. ಅಕ್ಕ ಹೌದೆಂದು ತಲೆಯಾಡಿಸಿದರು. ಅವಳು ಇನ್ನೊಮ್ಮೆ ಕೇಳಿದಳು. ಅಕ್ಕ ಇನ್ನೊಮ್ಮೆ ಹೌದೆಂದರು. ಭೂಮಿಯ ಮೇಲೆ ಹೀಗಿರುವವಳು ತಾನೊಬ್ಬಳೇ ಎಂದುಕೊಂಡು ಹತ್ತೊಂಬತ್ತು ವರ್ಷ ಬದುಕಿದ್ದಳು ಅವಳು. ಓಡಿಹೋಗಿ ಅಮ್ಮನ ಕೈ ಹಿಡಿದೆಳೆದು, ಅಕ್ಕನ ಕಿವಿ, ತನ್ನ ಕಿವಿ, ಅಕ್ಕನ ಕಿವಿ ಎಂದು ತೋರಿಸುತ್ತಲೇ ಇದ್ದಳು.

ಆಮೇಲೆ ಎರಡು ಗಂಟೆ ನಾಲ್ಕು ಕೈಗಳು ನಿಲ್ಲಲಿಲ್ಲ. ಅವಳ ಮನೆಸನ್ನೆಗಳನ್ನು ಅಕ್ಕ ಕಲಿತರು, ಶಾಲೆಯ ಸನ್ನೆಗಳನ್ನು ಅವಳಿಗೆ ಕೊಟ್ಟರು. ಈಗ ಏನೂ ಅರ್ಥವಾಗದೆ ಬೆಂಚಿನಲ್ಲಿ ಕುಳಿತವಳು ನಾನು. ಅಷ್ಟು ಖುಷಿ ನನಗೆ ಯಾವ ತರಗತಿಯಲ್ಲೂ ಆಗಿರಲಿಲ್ಲ. ಅವಳಮ್ಮ ಬಾಗಿಲಲ್ಲೇ ನಿಂತಿದ್ದರು.

"ಇಷ್ಟೆಲ್ಲ ಮಾತು ಇವಳೊಳಗೆ ಉಂಟಂತ ನನಗೆ ಗೊತ್ತೇ ಇರ್ಲಿಲ್ಲ ಟೀಚರೇ."

ಇನ್ನು ಅವಳು ಪುತ್ತೂರಿಗೆ ಬಂದು ಅಕ್ಕನ ಬಳಿ ಸನ್ನೆ ಭಾಷೆ, ಹೊಲಿಗೆ ಎರಡನ್ನೂ ಕಲಿಯಬೇಕಿತ್ತು. ಅವಳಪ್ಪ ಒಪ್ಪಲಿಲ್ಲ. ಹಾರ್ನ್ ಕೇಳದವಳು ರಸ್ತೆ ದಾಟುವುದು ಹೇಗೆ, ಬಸ್ಸು ಕೆಟ್ಟರೆ ಯಾರನ್ನು ಕೇಳುವುದು? ಆ ಹೆದರಿಕೆ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಹಾಗಾಗಿ ನಾನೇ ಜೊತೆಗಿರುತ್ತೇನೆ ಎಂದು ಅವರನ್ನು ಒಪ್ಪಿಸಿ, ಮೊದಲ ಮೂರು ವಾರ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕುಳಿತು ಬಂದೆ. ಇಳಿಯುವ ಜಾಗ ಬರೆದ ಚೀಟಿಯನ್ನು ಕಂಡಕ್ಟರಿಗೆ ಅವಳೇ ತೋರಿಸಿದಳು. ನಾಲ್ಕನೇ ವಾರ ಹಿಂದಿನ ಸೀಟಿನಲ್ಲಿ ಕುಳಿತೆ. ಐದನೇ ವಾರ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾದೆ. ಏನೋ ಸಾಮಾನು ಉಂಟು ಎಂದು ನೆಪ ಹೇಳಿ ಮೇಡಂ ಕೂಡ ಬಂದು ನನ್ನ ಪಕ್ಕ ನಿಂತರು. ಬಸ್ಸು ತಡವಾಯಿತು. ನಾವಿಬ್ಬರೂ ಬಂದ ಬಂದ ಬಸ್ಸಿನ ಬೋರ್ಡು ಓದುತ್ತಾ ನಿಂತೆವು.

ಬಸ್ಸು ಬಂತು. ಅವಳು ಇಳಿದು, ಕಂಡಕ್ಟರಿಗೆ ಕೈ ಬೀಸಿ, ಓಡಿ ಬಂದಳು. ಬಂದವಳೇ ಹೇಳತೊಡಗಿದಳು: ತಿರುವಿನಲ್ಲಿ ಯಾರದೋ ಹಲಸಿನಹಣ್ಣು ಸೀಟಿನಡಿಯಿಂದ ಉರುಳಿದ್ದು, ಒಬ್ಬರು ಕಾಲೆತ್ತಿ ಹಾರಿದ್ದು, ಡ್ರೈವರ್ ಬೈದದ್ದು, ಕೊನೆಗೆ ಇವಳೇ ಅದನ್ನು ತಬ್ಬಿ ಹಿಡಿದದ್ದು. ಒಂದು ಸನ್ನೆಯೂ ತಪ್ಪದ ಹಾಗೆ ನನಗೆ ಅರ್ಥವಾಯಿತು. ಮೇಡಂ ಕಣ್ಣು ಒರೆಸಿಕೊಂಡು, ಸಾಮಾನಿನ ಸುದ್ದಿಯನ್ನೇ ಎತ್ತದೆ ಕಾಲೇಜಿಗೆ ಹೋದರು.

ಕೋರ್ಸು ಮುಗಿದ ಮೇಲೆ ಸುಳ್ಯದಲ್ಲಿ ವಿಶೇಷ ಮಕ್ಕಳ ಕೇಂದ್ರವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಕಡಬದ ಹುಡುಗಿ ಈಗ ಅಕ್ಕನ ಅಂಗಡಿಯಲ್ಲಿ ಎರಡನೇ ಹೊಲಿಗೆ ಮೆಷಿನ್ ತುಳಿಯುತ್ತಾಳೆ. ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿ ಕಿವಿ ಕೇಳದ ಐದು ವರ್ಷದ ಮಗುವೊಂದು ಇದೆ ಎಂದು ಗೊತ್ತಾದಾಗ ನಾನು ಒಬ್ಬಳೇ ಹೋಗಲಿಲ್ಲ, ಅವಳನ್ನೂ ಕರೆದುಕೊಂಡು ಹೋದೆ. ಮಗುವಿನ ತಾಯಿ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ಕುಡಿದು ಹೊರಗೆ ಬಂದರೆ ಅವಳೂ ಮಗುವೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೋಳಿಗೆ ಯಾವ ಸನ್ನೆ ಸರಿ ಎಂದು ಜೋರು ವಾದ ಮಾಡುತ್ತಿದ್ದರು.