ಕೆಂಪು ತವರು, ನೀಲಿ ತವರು

ನಮ್ಮ ಮಾವನವರಿಗೆ ಟ್ರ್ಯಾಕ್ಟರ್ ಕೊಳ್ಳುವ ಹುಕಿ ಬಂದದ್ದು ನಾನು ಆ ಮನೆಗೆ ಸೊಸೆಯಾಗಿ ಬಂದ ಎರಡನೆಯ ವರ್ಷ. ಎಂಬತ್ತರ ದಶಕದ ನಡುವಿನ ಮಾತು. ನವಲಗುಂದದ ಹತ್ತಿರ ಒಂದು ಹಳ್ಳಿ, ಕಪ್ಪು ಮಣ್ಣಿನ ಎರೆಹೊಲ, ಎರಡು ಜೋಡಿ ಎತ್ತು. ಹೊಲದಲ್ಲಿ ಕರಕಿ ಹುಲ್ಲು ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತೆಂದರೆ ಎತ್ತಿನ ರಂಟೆಗೆ ಅದು ಕ್ಯಾರೇ ಅನ್ನುತ್ತಿರಲಿಲ್ಲ. ಉಳುವುದಕ್ಕೆ, ಹರಗುವುದಕ್ಕೆ, ರಾಶಿ ಮಾಡುವುದಕ್ಕೆ, ಹತ್ತಿ ಹೇರಿಕೊಂಡು ಪೇಟೆಗೆ ಹೋಗುವುದಕ್ಕೆ, ಎಲ್ಲಕ್ಕೂ ಒದಗುವಂಥ ಒಂದು ಗಾಡಿ ಬೇಕು ಎಂದರು ಮಾವನವರು. ಅಷ್ಟು ಹೇಳಿ ಹೊರಸಿನ ಮೇಲೆ ಆರಾಮಾಗಿ ಮಲಗಿಬಿಟ್ಟರು. ಜಗಳ ಶುರುವಾದದ್ದು ಒಳಗೆ, ಒಲೆಯ ಮುಂದೆ.

ಕಂಪನಿಗಳ ಹೆಸರು ನಮ್ಮೂರಲ್ಲಿ ಯಾರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ. ಎಲ್ಲರೂ ಬಣ್ಣದ ಮೇಲೆಯೇ ಮಾತಾಡುತ್ತಿದ್ದರು: ಒಂದು ಕೆಂಪು ಗಾಡಿ, ಒಂದು ನೀಲಿ ಗಾಡಿ. ಕೆಂಪು ಇದ್ದದ್ದು ನನ್ನ ನೆಗೆಣ್ಣಿಯ, ಅಂದರೆ ಆ ಮನೆಯ ಹಿರಿಸೊಸೆಯ ತವರಿನಲ್ಲಿ, ಕಲಘಟಗಿ ಕಡೆಯ ಬಮ್ಮಿಗಟ್ಟಿಯಲ್ಲಿ. ನೀಲಿ ಇದ್ದದ್ದು ನನ್ನ ತವರಿನಲ್ಲಿ, ಅಣ್ಣಿಗೇರಿಯ ಬಾಜೂ ಒಂದು ಊರಿನಲ್ಲಿ. ಇನ್ನೇನು ಬೇಕು? ಅಂಗಳಕ್ಕೆ ಯಾವ ಬಣ್ಣ ಬಂದು ನಿಲ್ಲುತ್ತದೋ ಆ ಸೊಸೆಯ ತವರಿನ ಮಾತು ಈ ಮನೆಯಲ್ಲಿ ನಡೆಯಿತು ಎಂದು ಊರಿಗೆ ಊರೇ ತಿಳಿದುಕೊಳ್ಳುತ್ತದೆ. ಅದೂ ಒಂದು ದಿನದ ಮಾತಲ್ಲ. ಟ್ರ್ಯಾಕ್ಟರ್ ಇರುವಷ್ಟು ವರ್ಷ ಕಣ್ಣಿಗೆ ಕುಕ್ಕುತ್ತ ನಿಂತಿರುತ್ತದೆ.

ನೆಗೆಣ್ಣಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಒಳ್ಳೆಯ ಹೆಣ್ಣು, ಆದರೆ ತವರಿನ ಮಾತು ಬಂದರೆ ಮುಗಿಯಿತು. ಹುಬ್ಬಳ್ಳಿಯ ಅಂಗಡಿಯವರು ಕೊಟ್ಟ ಬಣ್ಣದ ಹಾಳೆಗಳಲ್ಲಿ ಕೆಂಪು ಗಾಡಿಯ ಚಿತ್ರವನ್ನು ಅವಳು ಅನ್ನದ ಗಂಜಿ ಹಚ್ಚಿ ಅಡುಗೆಮನೆಯ ಕದಕ್ಕೆ ಅಂಟಿಸಿದಳು. ನಾನೇನು ಕಡಿಮೆ? ನೀಲಿಯದನ್ನು ಅದರ ಮೇಲೆಯೇ ಅಂಟಿಸಿದೆ. ಮರುದಿನ ನೋಡಿದರೆ ಎರಡೂ ಇಲ್ಲ. ಅತ್ತೆ ಕಿತ್ತು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಿದ್ದರು.

"ರೊಟ್ಟಿಗೆ ಬಣ್ಣ ಹತ್ತತೈತ್ರಿ ಅತ್ತಿ," ಎಂದಳು ಅಕ್ಕ.

"ಹತ್ತಲಿ ಬಿಡು. ಕೆಂಪ ರೊಟ್ಟಿ ನೀ ತಿನ್ನು, ನೀಲಿ ರೊಟ್ಟಿ ಆಕಿ ತಿನ್ಲಿ," ಎಂದರು ಅತ್ತೆ.

ನನ್ನ ಸಂಕಟ ಬೇರೆಯೇ ಇತ್ತು. ಆಗಿನ ರೂಢಿಯಂತೆ ನಾನು ಮಾವನವರ ಎದುರು ಬಾಯಿ ಬಿಡುವ ಹಾಗಿರಲಿಲ್ಲ. ಅವರು ಪಡಸಾಲೆಯಲ್ಲಿ, ನಾನು ಕದದ ಹಿಂದೆ, ನಡುವೆ ಮೂರು ಮೊಳ ನೆಲ. ಆದರೂ ಮಾತೆಲ್ಲ ಅತ್ತೆಯ ಮುಖಾಂತರವೇ ಹೋಗಬೇಕು.

"ಏ, ಸಣ್ಣಾಕಿಗೆ ಕೇಳು, ಅವರಪ್ಪನ ಗಾಡಿ ಎಣ್ಣಿ ಎಷ್ಟು ಕುಡಿತೈತಿ ಅಂತ," ಎನ್ನುವರು ಮಾವನವರು.

ನಾನು ಉಸಿರು ಕಟ್ಟಿಕೊಂಡು, ಹೀಗ್ರಿ, ಹಾಂಗ್ರಿ, ಉಳುವಾಗ ಇಷ್ಟು, ಖಾಲಿ ಹೋಗುವಾಗ ಇಷ್ಟು, ಎರೆಭೂಮಿಗೆ ಅದಕ್ಕಿಂತ ಗಟ್ಟಿ ಗಾಡಿ ಮತ್ತೊಂದಿಲ್ಲ ಎಂದೆಲ್ಲ ಪಿಸುಗುಟ್ಟುತ್ತಿದ್ದೆ. ಅತ್ತೆ ಸೊಪ್ಪು ಸೋಸುತ್ತಲೇ ಅದನ್ನು ದಾಟಿಸುತ್ತಿದ್ದರು:

"ಕುಡಿತೈತಂತ."

ಇಂಥ ಅಂಚೆಯಲ್ಲಿ ನನ್ನ ಮಾತು ಮುಟ್ಟುವುದು ಯಾವಾಗ! ಹಿರಿಸೊಸೆಗೆ ಆ ಮನೆಯಲ್ಲಿ ಹನ್ನೆರಡು ವರ್ಷದ ನೆಲೆಯಿತ್ತು, ಎರಡು ಮಕ್ಕಳಿದ್ದವು. ನನಗೆ ಇದ್ದದ್ದು ಅಪ್ಪನ ನೀಲಿ ಟ್ರ್ಯಾಕ್ಟರ್ ಒಂದೇ. ಅದು ಗೆದ್ದರೆ ನಾನು ಈ ಮನೆಯಲ್ಲಿ ಒಬ್ಬ ಮನುಷ್ಯಳು, ಇಲ್ಲವಾದರೆ ಕದದ ಹಿಂದಿನ ಬಳೆ ಸಪ್ಪಳ, ಅಷ್ಟೇ ಎಂದು ನನಗೆ ಅಗದಿ ಖಾತ್ರಿಯಾಗಿತ್ತು.

ಮೊದಲು ಬಮ್ಮಿಗಟ್ಟಿಗೆ ಹೋಗಿಬಂದರು. ಅಲ್ಲಿ ಕೆಂಪು ಗಾಡಿಗೆ ಹಾರ ಹಾಕಿ, ಟೈರಿಗೆ ಎಣ್ಣೆ ಒರೆಸಿ ನಿಲ್ಲಿಸಿದ್ದರಂತೆ. ಮಾವನವರು ಅದರ ಮೇಲೆ ಹತ್ತಿ ಕುಳಿತು, ಚಾಲೂ ಮಾಡುವುದು ಯಾವುದು, ಬಂದ್ ಮಾಡುವ ಗುಂಡಿ ಯಾವುದು ಎಂದು ಕಲಿತು ಬಂದರು. ಬಂದವರು ಒಂದೇ ಮಾತು ಅಂದರು: "ಗಾಡಿ ಚಲೋ ಐತಿ. ಆದ್ರ ಅವರದು ಮಸಾರಿ, ಕೆಂಪು ಮಣ್ಣು. ನಮ್ಮ ಎರಿ ಹೊಲದಾಗ ಹೆಂಗ ನಡಿತೈತೋ ಏನೋ. ನೀಲಿದೂ ನೋಡೂಣು." ನನಗೆ ಅಂದು ರೊಟ್ಟಿ ಎರಡು ಹೆಚ್ಚು ಹೋದವು.

ಆದರೆ ನನಗೆ ಒಂದು ಅಳುಕು ಇತ್ತು, ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ನನ್ನ ಅಪ್ಪ ಊಟಕ್ಕೆ, ಉಡುಗೊರೆಗೆ ಹಿಂದೆಮುಂದೆ ನೋಡಿದವನಲ್ಲ. ಆದರೆ ಶೆಲ್ ಎಂದರೆ ಅವನಿಗೆ ಆಗದು. ಬ್ಯಾಟರಿ, ಶೆಲ್, ಇವೆಲ್ಲ ಕಂಪನಿಯವರು ರೈತರನ್ನು ಸುಲಿಯಲು ಮಾಡಿದ ಮೋಸ ಎಂದು ಅವನ ಗಟ್ಟಿ ನಂಬಿಕೆ. ಟಾರ್ಚಿನ ಶೆಲ್ ಸತ್ತರೆ ಬಿಸಿಲಿಗೆ ಇಡುವುದು, ಮತ್ತೆ ಹಾಕುವುದು. ರೇಡಿಯೋದವೂ ಹಾಗೆಯೇ. ಇದನ್ನು ಎಲ್ಲರೂ ಮಾಡುತ್ತಿದ್ದರು ಬಿಡಿ. ಆದರೆ ಟ್ರ್ಯಾಕ್ಟರಿನ ಬ್ಯಾಟರಿ ಸತ್ತಾಗ ಅದನ್ನೂ ಕಳಚಿ, ಅವ್ವನ ಶಾವಿಗೆ ಸಂಡಿಗೆಯ ಪಕ್ಕದಲ್ಲಿ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟವನು ನಮ್ಮ ಸೀಮೆಯಲ್ಲಿ ಅವನೊಬ್ಬನೇ. "ಬಿಸಿಲು ಕುಡದ್ರ ಜೀವಾ ಬರತೈತಿ," ಎನ್ನುತ್ತಿದ್ದ. ಅವ್ವ ಸಂಡಿಗೆಗೂ ಅದಕ್ಕೂ ಕಾಗೆ ಕಾಯುತ್ತಿದ್ದಳು.

ಬ್ಯಾಟರಿಗೆ ಜೀವ ಬರಲಿಲ್ಲ. ಅಪ್ಪನೂ ಸೋಲಲಿಲ್ಲ. ಇಳಿಜಾರಿನಲ್ಲಿ ಉರುಳಿಬಿಟ್ಟರೆ ಗಾಡಿ ತಾನೇ ಚಾಲೂ ಆಗುತ್ತದಲ್ಲ! ಆದರೆ ಅಣ್ಣಿಗೇರಿ ಸೀಮೆ ತಟ್ಟಿದ ರೊಟ್ಟಿಯ ಹಾಗೆ ಸಪಾಟು, ಇಳಿಜಾರು ಎಲ್ಲಿಂದ ತರುವುದು? ಆಳು ಹಚ್ಚಿ, ಮಣ್ಣು ಹೊರಿಸಿ, ಮನೆಯ ಮಗ್ಗಲಿಗೆ ಒಂದು ದಿಬ್ಬವನ್ನೇ ಮಾಡಿಸಿದ. ಆ ಕೂಲಿಯಲ್ಲಿ ಹೊಸ ಬ್ಯಾಟರಿ ಬರುತ್ತಿತ್ತು ಎಂದು ಅವ್ವ ಅನ್ನುತ್ತಿದ್ದಳು, ಅವನಿಗೆ ಕೇಳದ ಹಾಗೆ. ಯಾರಾದರೂ ಕೇಳಿದರೆ, ಮಳೆಗಾಲದಲ್ಲಿ ಟೈರಿಗೆ ನೀರು ತಾಗಬಾರದೆಂದು ದಿಬ್ಬ ಮಾಡಿಸಿದ್ದು ಎಂದು ಅಪ್ಪ ಹೇಳುತ್ತಿದ್ದ. ಹೀಗೆ ಎರಡು ವರ್ಷ ನಡೆದಿತ್ತು.

ನೀಲಿ ಗಾಡಿ ನೋಡಲು ಮಾವನವರು, ನನ್ನ ಗಂಡ, ನಾನು ಹೊರಟೆವು. ಅಣ್ಣಿಗೇರಿಯ ಗುಡಿಗೆ ಒಂದು ಹರಕೆ ಇದೆ ಎಂದು ಅಕ್ಕನೂ ಬಸ್ಸು ಹತ್ತಿದಳು. ಆ ಹರಕೆ ಎಂಥದೆಂದು ನನಗೆ ಗೊತ್ತಿಲ್ಲವೇ! ಬಸ್ಸಿಳಿಯುವಾಗಲೇ ಅಪ್ಪ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ, ಎಂಜಿನ್ ನಡೆದೇ ಇತ್ತು. ನೆಟ್ಟಗೆ ಹೊಲಕ್ಕೆ ಕರೆದೊಯ್ದ. ಟ್ರೇಲರ್ ಬಿಚ್ಚಿ ರಂಟೆ ಕಟ್ಟಿದ. ಎಂಜಿನ್ ಬಂದ್ ಮಾಡಲಿಲ್ಲ.

ಹೇಳಬೇಕೆಂದರೆ, ಗಾಡಿ ಬಂಗಾರದಂಥದು. ರಂಟೆ ನೆಲಕ್ಕೆ ಇಳಿದದ್ದೇ ತಡ, ಮೊಳದುದ್ದದ ಕರಕಿ ಬೇರು ಹೆಂಟೆಯ ಸಮೇತ ಮೇಲೆದ್ದು ಬಂತು. ಮಾವನವರು ಬಾಗಿ ಒಂದು ಬೇರು ಎತ್ತಿಕೊಂಡು, ಅದರ ಮಣ್ಣು ಉದುರಿಸಿ, ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದೆ, ಅಕ್ಕನೂ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಸುಳ್ಳು ಯಾಕೆ ಹೇಳಲಿ, ಸಕ್ಕರೆ ತಿಂದಷ್ಟು ಖುಷಿಯಾಯಿತು.

ಮನೆಗೆ ಬಂದಾಗ ತೊಡಕು ಎದುರಾಯಿತು. ಬೀಗರು ಕುಳಿತ ಟ್ರೇಲರನ್ನು ದಿಬ್ಬ ಹತ್ತಿಸುವುದು ಹೇಗೆ? ಅಪ್ಪ ಗಾಡಿಯನ್ನು ಸಪಾಟು ಅಂಗಳದಲ್ಲೇ, ಬಾಗಿಲ ಎದುರಿಗೇ ನಿಲ್ಲಿಸಿದ. ಎಂಜಿನ್ ನಡೆದೇ ಇತ್ತು. ಒಳಗೆ ಹೋಳಿಗೆ, ತುಪ್ಪ, ಎಣ್ಣೆಗಾಯಿ, ಕಟ್ಟಿನ ಸಾರು. ಹೊರಗೆ ಡುಗುಡುಗು.

"ಬೀಗರ, ಗಾಡಿ ಯಾಕ ಸುಮ್ಮನ ನಡದೈತಿ?" ಎಂದರು ಮಾವನವರು.

"ನಿಮಗ ಸಪ್ಪಳ ಕೇಳಲಿ ಅಂತ್ರಿ! ಅಗದಿ ಸಣ್ಣ ಸಪ್ಪಳ!" ಅಪ್ಪ ಗಂಟಲು ಹರಿಯುವಂತೆ ಕೂಗಿದ.

"ಏನಂದ್ರಿ?"

"ಸಣ್ಣ ಸಪ್ಪಳ ಅಂದ್ನಿರಿ!"

ಒಂದು ಹೋಳಿಗೆ ಆಯಿತು, ಎರಡು ಆಯಿತು. ಶೆಲ್ ಕೊಳ್ಳದ ನನ್ನಪ್ಪ ಅಂಗಳದಲ್ಲಿ ಡೀಸೆಲ್ ಉರಿಸುತ್ತ ಕುಳಿತಿದ್ದ. ಅವನ ಮುಖ ನೋಡಿದರೆ ಪಾಪವೂ ಅನಿಸುತ್ತಿತ್ತು, ನಗುವೂ ಬರುತ್ತಿತ್ತು. ಅಷ್ಟರಲ್ಲಿ ಮಾವನವರು ಕೈ ತೊಳೆಯಲು ಎದ್ದರು. ಬೀಗರ ಎಣ್ಣೆ ಸುಮ್ಮನೆ ಹಾಳಾಗುತ್ತಿದೆಯೆಂಬ ಕಳಕಳಿ ಅವರದು. ಬಮ್ಮಿಗಟ್ಟಿಯಲ್ಲಿ ಕಲಿತ ವಿದ್ಯೆ ತೋರಿಸುವ ಆಸೆಯೂ ಇತ್ತೇನೋ. ಒದ್ದೆ ಕೈಯಲ್ಲೇ ಹೋಗಿ ಗುಂಡಿ ಹಿಡಿದು ಎಳೆದುಬಿಟ್ಟರು.

ಡುಗ್. ಡುಗ್. ಮುಗಿಯಿತು. ಬೆಳಗಿನಿಂದ ಕೇಳಿಸದ ಗುಬ್ಬಿಗಳ ಚಿಲಿಪಿಲಿ ಆಗ ಕೇಳಿಸಿತು. ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಒಲೆಯ ಮುಂದೆ ಅವ್ವ "ಯವ್ವಾ, ಸತ್ತಿವಿ!" ಎಂದಳು.

ಸಂಜೆ ಬಸ್ಸಿಗೆ ಬಿಡಬೇಕಲ್ಲ. ಅಪ್ಪ ಗಾಡಿ ಹತ್ತಿ ಚಾಲೂ ಮಾಡಲು ನೋಡಿದ. ಟಿಕ್ ಎಂದಿತು. ಇನ್ನೊಮ್ಮೆ. ಟಿಕ್. "ಬಿಸಿಲಿಗೆ ಹಿಂಗ ಮಾಡತೈತ್ರಿ," ಎಂದ. ಮತ್ತೆ ಟಿಕ್. "ಹೊಸಬರ ಕೈ ಹತ್ತೇತಿ ನೋಡ್ರಿ, ನಾಚಿಕೊಂಡೈತಿ," ಎಂದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಮಾತ್ರ ಕುಣಿಯುತ್ತಿತ್ತು.

ಮಾವನವರಿಗೆ ನಿಜವಾಗಿ ಬೇಸರವಾಯಿತು. ನನ್ನ ಗಂಡನ ಕಡೆ ತಿರುಗಿ, "ನೀಲಿ ಗಾಡಿ ಹಣೇಬರಾನ ಇಷ್ಟ ಕಾಣಸ್ತೈತಿ. ಎರಿ ಹೊಲದ ನಟ್ಟನಡುವ ಹಿಂಗ ಕೈ ಕೊಟ್ರ ಎತ್ತು ಕಟ್ಟಿ ಎಳೀಬೇಕಾಗತೈತಿ. ನಡಿ, ಕೆಂಪನ್ನ ತರೂಣು," ಎಂದರು.

ಅಪ್ಪ ಬಗ್ಗಿ ಟೈರು ನೋಡುತ್ತ ನಿಂತ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ! ಬಂಗಾರದಂಥ ಗಾಡಿಯ ಹೆಸರು ಕೆಟ್ಟರೂ ಸೈ, ಮಗಳ ಮುಖ ಸಣ್ಣದಾದರೂ ಸೈ, ತನ್ನ ಬ್ಯಾಟರಿಯ ಗುಟ್ಟು ಹೊರಬೀಳಬಾರದು. ನನಗೆ ಸಿಟ್ಟು ನೆತ್ತಿಗೇರಿತು. ರೂಢಿ ಎಲ್ಲಿ ಹೋಯಿತೋ, ಕದ ಎಲ್ಲಿ ಹೋಯಿತೋ.

"ಗಾಡಿದು ತಪ್ಪಿಲ್ಲರಿ ಮಾವಾರ! ಬ್ಯಾಟರಿ ಸತ್ತು ಎರಡು ವರ್ಷ ಆತು, ನಮ್ಮಪ್ಪ ಹೊಸಾದು ಹಾಕಿಲ್ಲ. ಸಂಡಿಗಿ ಬಾಜೂ ಬಿಸಿಲಿಗೆ ಇಟ್ಟು ಒಣಗಸ್ಯಾನ. ಆ ದಿಬ್ಬ ಐತೆಲ್ಲರಿ, ಅದು ನೀರಿಗೆ ಅಲ್ಲ, ಗಾಡಿ ಉರುಳಸಾಕ!"

ಎಲ್ಲರೂ ತಿರುಗಿ ದಿಬ್ಬ ನೋಡಿದರು. ಆಮೇಲೆ ಮಾವನವರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ಟ್ರೇಲರಿಗೆ ಒರಗಿ ನಕ್ಕರು. ನನ್ನ ಗಂಡ ನಕ್ಕರು, ಅಕ್ಕ ಸೆರಗು ಬಿಟ್ಟು ನಕ್ಕಳು, ಹಾದಿಯಲ್ಲಿ ಹೋಗುವವರೂ ನಿಂತು ನಕ್ಕರು. ಅವರೇ ನಾಲ್ಕು ಜನ ಸೇರಿ ಗಾಡಿಯನ್ನು ದಬ್ಬಿ ಚಾಲೂ ಮಾಡಿಕೊಟ್ಟರು. ಅಪ್ಪ ಮಾತ್ರ ನಗಲಿಲ್ಲ. ನಮ್ಮನ್ನು ಬಸ್ಸಿಗೆ ಬಿಟ್ಟ, ಬೀಗರಿಗೆ ಕೈ ಮುಗಿದ, ನನ್ನ ಕಡೆ ನೋಡದೆ ಹೋದ.

ಮರುದಿನ ಬೆಳಿಗ್ಗೆ ಮಾವನವರು ಪಡಸಾಲೆಯಿಂದಲೇ ಕರೆದರು. ಅತ್ತೆಯನ್ನಲ್ಲ, ನನ್ನನ್ನು.

"ತಂಗಿ, ಹೊರಗ ಬಾ. ನೀನ ಹೇಳು. ಯಾವುದು ತರೂಣು?"

"ಎರಿ ಹೊಲಕ್ಕ ನೀಲಿನ ಚಲೋರಿ," ಎಂದೆ. "ಬ್ಯಾಟರಿ ಮಾತ್ರ ಬಿಸಿಲಿಗೆ ಇಡಬ್ಯಾಡ್ರಿ."

"ಅಪ್ಪನ ಮಾನ ಬದಿಗಿಟ್ಟು ಖರೆ ಹೇಳಿದಾಕಿ ನೀ. ಇದೂ ಖರೆನ ಇರತೈತಿ," ಎಂದು ಎದ್ದರು. ಅಲ್ಲಿಗೆ ತೀರ್ಮಾನವಾಯಿತು. ನಾನು ಗೆದ್ದಿದ್ದೆ. ಅತ್ತೆಗೆ ಅಂಚೆಯ ಕೆಲಸವೂ ತಪ್ಪಿತು.

ಹೊಸ ನೀಲಿ ಗಾಡಿ ಬಂದ ದಿನ ಪೂಜೆಗೆ ಅಪ್ಪನನ್ನೂ ಕರೆಸಿದರು. ಬರುತ್ತಾನೋ ಇಲ್ಲವೋ ಎಂದು ನಾನು ಬೆಳಗಿನಿಂದ ಬಾಗಿಲಿಗೂ ಒಲೆಗೂ ತಿರುಗಿದೆ. ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿದ. ಮಾವನವರು ಖುಷಿಯಿಂದ ಹೇಳಿದರು: "ನಿಮ್ಮ ಮಗಳು ಆರಿಸಿದ ಗಾಡಿ ನೋಡ್ರಿ ಬೀಗರ."

"ನನ್ನ ಮಗಳಲ್ಲರಿ," ಎಂದ ಅಪ್ಪ. "ನಿಮ್ಮ ಸೊಸಿ."

ಕೂಡಿದವರೆಲ್ಲ ಗೊಳ್ಳೆಂದು ನಕ್ಕರು, ಬೀಗರ ಚಾಷ್ಟಿ ಎಂದುಕೊಂಡು. ನಾನೂ ನಕ್ಕೆ. ನಗುತ್ತಲೇ ಒಳಗೆ ಬಂದು ಚಹಾ ಸೋಸಿದೆ, ಕಪ್ಪುಗಳಿಗೆ ಹಾಕಿದೆ, ತಾಟು ಎತ್ತಿದೆ. ತಾಟು ಹಿಡಿದು ಬಾಗಿಲ ತನಕ ಹೋದವಳು ತಿರುಗಿ ಒಲೆಯ ಹತ್ತಿರ ಬಂದೆ. ಮದುವೆಯಲ್ಲಿ ನನ್ನನ್ನು ಒಪ್ಪಿಸಿಕೊಡುವಾಗ ಎಲ್ಲರೂ ಅತ್ತಿದ್ದರು. ನಾನು ಅತ್ತಿರಲಿಲ್ಲ, ಅಂದು ನನಗೆ ಹಸಿವೆಯಾಗಿತ್ತು. ಅಪ್ಪ ನನ್ನನ್ನು ಕೊಟ್ಟದ್ದು ಅಂದಲ್ಲ, ಈಗ, ಹೊರಗೆ ಅಂಗಳದಲ್ಲಿ ಎಂದು ಅನಿಸಿ ಕಣ್ಣೀರು ದಳದಳ ಇಳಿಯಿತು.

ಅಕ್ಕ ಬಂದು ನೋಡಿದಳು. ನನ್ನ ಕೈಯಿಂದ ತಾಟು ಇಸಿದುಕೊಂಡು, "ನೀ ಕುಂದರ್ ಬೇ, ನಾ ಕೊಟ್ಟು ಬರತೇನಿ," ಎಂದು ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ತಾಟು ಹಿಡಿದು ಬಂದಳು.

"ಚಹಾ ಯಾರು ಮಾಡ್ಯಾರ ಅಂತ ಕೇಳಿದ್ರು ನಿಮ್ಮಪ್ಪಾರು. ನಿಮ್ಮ ಮಗಳರಿ ಅಂದೆ."

"ಅದಕ್ಕ ಏನಂದ?"

"ಏನೂ ಅನ್ನಲಿಲ್ಲ," ಎಂದಳು ಅಕ್ಕ. "ಕುಡದ್ರು."