ಹೊಟ್ಟೆ ತುಂಬಿದ ಯಂತ್ರ

ಶಾಲೆಗಳಿಗೆ ಹೋಗಿ ವಿಜ್ಞಾನದ ಮಾದರಿಗಳನ್ನು ತೋರಿಸುವ ಕೆಲಸದಲ್ಲಿದ್ದೆ. ಚಳ್ಳಕೆರೆಯ ಶಾಲೆಯೊಂದರಲ್ಲಿ ನನ್ನ ಹೆಮ್ಮೆಯ ಯಂತ್ರ ಕೈಕೊಟ್ಟಿತು. ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ನಾನೇ ಕಟ್ಟಿದ್ದು. ಮೋಟಾರು ತಿರುಗಿದರೆ ಪುಟ್ಟ ಬುಟ್ಟಿಗಳ ಸಾಲು ಕೆಳಗಿನ ತೊಟ್ಟಿಯಿಂದ ಚೆಂಡುಗಳನ್ನು ಎತ್ತಿ ಮೇಲೆ ಸುರಿಯಬೇಕು, ಅವು ಜಾರುಹಾದಿಯಲ್ಲಿ ಉರುಳಿ ಮತ್ತೆ ತೊಟ್ಟಿಗೆ ಬರಬೇಕು. ತೊಟ್ಟಿ ತುಂಬ ಚೆಂಡು ಸುರಿದು ಚಾಲೂ ಮಾಡಿದೆ; ಮೋಟಾರು ಮುಲುಗಿತೇ ಹೊರತು ಬುಟ್ಟಿ ಅಲುಗಲಿಲ್ಲ. ಹೊಸ ಸೆಲ್ ಹಾಕಿದೆ, ಹಲ್ಲುಚಕ್ರ ಬದಲಿಸಿದೆ, ಇನ್ನೊಂದು ಮೋಟಾರನ್ನೂ ಜೋಡಿಸಿದೆ. ಅಂಗಳದಲ್ಲಿ ಮಕ್ಕಳು ಆಗಲೇ ಸಾಲಾಗಿ ಕೂತಿದ್ದರು.

ಮಗಳ ವರ್ಗಾವಣೆ ಪತ್ರಕ್ಕಾಗಿ ಕಾಯುತ್ತಿದ್ದ ಹೆಂಗಸೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸವಂತೆ.

"ಹೊಟ್ಟೆ ತುಂಬ್ಸಿ ಎಬ್ಬಿಸಿದ್ರೆ ಅದೆಂಗೆ ಏಳ್ತೈತೆ ಸಾರ್? ನಮ್ ಮಿಲ್ಲಾಗೂ ಇಂಥದ್ದೇ ಐತೆ. ಮೊದ್ಲು ಖಾಲಿ ಓಡಿಸ್ತೀವಿ. ಓಟ ಹಿಡಿದ ಮ್ಯಾಲೆ ಶೇಂಗಾ ಬಿಡ್ತೀವಿ, ಅದೂ ಸ್ವಲ್ಪ ಸ್ವಲ್ಪ."

ತೊಟ್ಟಿ ಖಾಲಿ ಮಾಡಿದೆ. ಚೆಂಡುಗಳು ಒಂದೊಂದೇ ಒಳಗೆ ಹೋಗುವಂತೆ ಅದರ ಬಾಯಿಗೆ ಎರಡು ಇಟ್ಟಿಗೆ ಅಡ್ಡ ಇಟ್ಟೆ. ಬುಟ್ಟಿಗಳು ಓಡತೊಡಗಿದ ಮೇಲೆ ಚೆಂಡು ಬಿಟ್ಟೆ. ಯಂತ್ರ ಆಮೇಲೆ ನಿಲ್ಲಲಿಲ್ಲ. ಎರಡನೇ ಮೋಟಾರನ್ನು ಸದ್ದಿಲ್ಲದೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಅವರಿಗೆ ಕೈಮುಗಿದೆ. ಅವರ ಗಮನ ಯಂತ್ರದ ಮೇಲೇ ಇತ್ತು. ಮೇಲೆ ಹೋದ ಚೆಂಡು ಕೆಳಗೆ ಬಂದು ಮತ್ತೆ ಮೇಲೆ ಹೋಗುವುದನ್ನು ಸುಮಾರು ಹೊತ್ತು ನೋಡಿ ಕೇಳಿದರು:

"ಚೆನ್ನಾಗೈತೆ ಸಾರ್. ಎಣ್ಣೆ ಎಲ್ಲಿಂದ ಬರ್ತೈತೆ?"

ಆಮೇಲೆ ಎಷ್ಟೋ ಊರುಗಳಲ್ಲಿ ಅವರು ಹೇಳಿಕೊಟ್ಟಂತೆಯೇ ಅದನ್ನು ಓಡಿಸಿದ್ದೇನೆ, ಪ್ರತಿ ಸಲವೂ ಅವರನ್ನು ನೆನೆದಿದ್ದೇನೆ. ಅವರ ಎಣ್ಣೆಯ ಪ್ರಶ್ನೆಯನ್ನು ಮಾತ್ರ ಮಕ್ಕಳ್ಯಾರೂ ಈವರೆಗೆ ಕೇಳದಿದ್ದುದು ನನ್ನ ಪುಣ್ಯ.